ತಟ್ಟೆಯಂಚಿನ ಪಲ್ಯ

ಕೆಂಚಪ್ಪನ ಕಾಲು ಜೋಮು ಹಿಡಿದು, ತೆಂಗಿನಮರ ಹತ್ತಿ ಕಾಯಿ ಕೀಳುವ ಅವನ ಕಸುಬೇ ನಿಂತುಹೋಗಿತ್ತು.

"ಕಾಲಿಗೆ ರಕ್ತ ಸರಿಯಾಗಿ ಓಡ್ತಿಲ್ಲ. ಬೀಟ್‌ರೂಟು, ಬೆಳ್ಳುಳ್ಳಿ, ಸೊಪ್ಪು ದಿನಾ ತಿನ್ನಪ್ಪ. ಮೂರು ತಿಂಗಳಲ್ಲಿ ಸರಿಹೋಗಲಿಲ್ಲ ಅಂದ್ರೆ ಮರದ ಆಸೆ ಬಿಟ್ಟುಬಿಡು" ಎಂದಿದ್ದರು ಡಾಕ್ಟರು.

ಹೆಂಡತಿ ದ್ಯಾವಮ್ಮನ ಕಾಲೂ ಅಷ್ಟಕ್ಕಷ್ಟೆ. ಹೊಸಿಲು ದಾಟಲೂ ಗೋಡೆ ಹಿಡಿಯುತ್ತಿದ್ದಳು. ಆದರೂ ದಿನವೂ ಅವನ್ನೇ ಪಲ್ಯ ಮಾಡಿ ಬಡಿಸುತ್ತಿದ್ದಳು.

"ತಿನ್ನಿ. ಮರ ಹತ್ತೋದು ಬ್ಯಾಡ್ವಾ?"

"ಇದು ದನದ ಮೇವು. ನಂಗೆ ಮುದ್ದೆ ಹಾಕಮ್ಮಿ!" ಎಂದು ರೇಗಿ, ಕೆಂಚಪ್ಪ ಪಲ್ಯವನ್ನೆಲ್ಲ ತಟ್ಟೆಯಂಚಿಗೆ ತಳ್ಳುತ್ತಿದ್ದ.

ಮದುವೆಯಾದಂದಿನಿಂದ ದ್ಯಾವಮ್ಮ ಉಣ್ಣುತ್ತಿದ್ದುದು ಗಂಡ ಉಂಡೆದ್ದ ತಟ್ಟೆಯಲ್ಲೇ. ಅನ್ನ ಚೆಲ್ಲಿ ಅವಳಿಗೆ ಅಭ್ಯಾಸವಿಲ್ಲ. ಅವನು ಬಿಟ್ಟಿದ್ದನ್ನು ಚೂರೂ ಉಳಿಸದೆ ತಿಂದೇ ತಟ್ಟೆ ತೊಳೆಯುತ್ತಿದ್ದಳು.

ಮೂರು ತಿಂಗಳು ತುಂಬಿದ ದಿನ ಕೆಂಚಪ್ಪ ಕುಂಟುತ್ತ ಮರದ ಬುಡಕ್ಕೆ ಬಂದ. ಪಾದ ಇನ್ನೂ ಮರಗಟ್ಟಿಯೇ ಇತ್ತು.

"ಆ ಡಾಕ್ಟ್ರಿಗೆ ತಲೆ ಕೆಟ್ಟದೆ. ಸೊಪ್ಪು ತಿಂದು ಯಾರಾದ್ರೂ ಮರ ಹತ್ತಿದ್ದು ಉಂಟಾ?" ಎಂದು ಬೈದ.

"ಪಕ್ಕಕ್ಕೆ ಸರ್ಕೊಳ್ಳಿ, ಕಾಯಿ ಬೀಳ್ತದೆ" ಎಂದಳು ದ್ಯಾವಮ್ಮ, ಮರದ ತುದಿಯಿಂದ.