ಕಡ ಕೊಟ್ಟ ಮೆಮೊರಿ

ಶಂಕರಘಟ್ಟದ ವಿಶ್ವವಿದ್ಯಾಲಯದಿಂದ ಮನೆಗೆ ಬಂದ ತನುಜಾ ಕಂಪ್ಯೂಟರ್ ಹಾಕಿ ತನ್ನ ಪ್ರಾಜೆಕ್ಟ್ ತೆರೆದಳು. ಅದು ಅಲ್ಲಾಡದೆ ನಿಂತಿತು. ಹೋದ ವಾರವಷ್ಟೇ ಶಿವಮೊಗ್ಗದ ಅಂಗಡಿಯಲ್ಲಿ ಹೊಸ ಮೆಮೊರಿ ಹಾಕಿಸಿಕೊಂಡು ಬಂದಿದ್ದರು. ಸಿಪಿಯು ಡಬ್ಬದ ಪಕ್ಕದ ತಗಡು ತೆಗೆದರೆ, ಹೊಸ ಮೆಮೊರಿ ಪಟ್ಟಿಯ ಜಾಗ ಖಾಲಿ.

"ಎದುರುಮನೆ ಪದ್ಮಾ ಕೇಳಿದ್ಲು, ಕೊಟ್ಟೆ," ಎಂದಳು ತಾಯಿ ವೇದಾವತಿ, ಹೂ ಕಟ್ಟುತ್ತಾ.

ಪದ್ಮಮ್ಮನಿಗೆ ತಂಗಿ ಮಗಳ ಮದುವೆಯ ಸಿ.ಡಿ. ನೋಡಬೇಕಿತ್ತಂತೆ. ಅವರ ಕಂಪ್ಯೂಟರಿನಲ್ಲಿ ಗಂಡು ತಾಳಿ ಎತ್ತಿದವನು ಎತ್ತಿದ ಹಾಗೇ ನಿಂತುಬಿಡುತ್ತಿದ್ದನಂತೆ. ಎರಡು ಕಡೆಯ ಕ್ಲಿಪ್ಪು ಒತ್ತಿದರೆ ಪಟ್ಟಿ ಮೇಲೆ ಬರುತ್ತದೆಂದು ಅಂಗಡಿಯವನು ತೋರಿಸಿದ್ದು ವೇದಾವತಿಗೆ ನೆನಪಿತ್ತು. ತಮ್ಮ ಮನೆಯಲ್ಲಿ ಗ್ಯಾಸ್ ಮುಗಿದಾಗ ಸಿಲಿಂಡರನ್ನೇ ಎತ್ತಿಕೊಟ್ಟವಳಿಗೆ ಬಾಚಣಿಗೆಯಷ್ಟು ಪಟ್ಟಿ ಇಲ್ಲ ಅನ್ನುವುದು ಹೇಗೆ?

ನಾಳೆ ಮಧ್ಯಾಹ್ನದೊಳಗೆ ಪ್ರಾಜೆಕ್ಟ್ ಕೊಡದಿದ್ದರೆ ಒಂದು ವರ್ಷ ದಂಡ ಎಂದು ತನುಜಾ ಅಳುವ ಹಾಗಾದಳು. ತಾಯಿ ಮಗಳು ಇಬ್ಬರೂ ಎದುರುಮನೆಗೆ ಹೋದರು. ಪದ್ಮಮ್ಮ ಕೂರಿಸಿ ಕಾಫಿ ಕೊಟ್ಟಳು. ಪಟ್ಟಿ ಮಾತ್ರ ಕೊಡಲಿಲ್ಲ.

"ಶುಕ್ರವಾರ ಅಲ್ವಾ ವೇದಕ್ಕ. ಈಗ ತಾನೇ ದೀಪ ಹಚ್ಚಿದೆ. ದೀಪ ಹಚ್ಚಿದ ಮೇಲೆ ಮನೆಯಿಂದ ಹೊರಗೆ ಹೆಂಗೆ ಕೊಡ್ಲಿ?"

ವೇದಾವತಿ ತಲೆದೂಗಿದಳು. ತಾನಾಗಿದ್ದರೂ ಕೊಡುತ್ತಿರಲಿಲ್ಲ.

"ಅದು ನಮ್ದೇ ಅಲ್ವೇನಮ್ಮ?" ಎಂದಳು ತನುಜಾ.

"ನಮ್ದೇ. ಅದು ಲಕ್ಷ್ಮಿಗೆ ಹೇಗೆ ಗೊತ್ತಾಗ್ಬೇಕು?"

ಪಟ್ಟಿ ಹೊರಗೆ ಬರುವ ಹಾಗಿಲ್ಲ, ಡಬ್ಬ ಒಳಗೆ ಹೋಗಲು ಅಡ್ಡಿಯಿಲ್ಲ ಎಂದು ವೇದಾವತಿಗೇ ಹೊಳೆಯಿತು. ಪುಣ್ಯಕ್ಕೆ ತನ್ನ ಮನೆಯಲ್ಲಿ ಇನ್ನೂ ದೀಪ ಹಚ್ಚಿರಲಿಲ್ಲ. ಪದ್ಮಮ್ಮನ ಗಂಡ ಜಯಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಕೆಲಸದವನು. ಸಿಪಿಯುವನ್ನು ಹೆಗಲ ಮೇಲಿಟ್ಟು ತಂದ. ಪಟ್ಟಿ ಅದರೊಳಗೆ ಸೇರಿತು. ತನುಜಾ ಪದ್ಮಮ್ಮನ ಮನೆಯಲ್ಲೇ ಕೂತು ಕೆಲಸ ಮುಗಿಸಿದಳು. ಪ್ರಿಂಟ್ ತೆಗೆಯುವುದೊಂದು ಉಳಿಯಿತು. ಪ್ರಿಂಟರ್ ತರೋಣವೆಂದರೆ, ಅಷ್ಟರಲ್ಲಿ ವೇದಾವತಿ ಮನೆಗೆ ಹೋಗಿ ದೀಪ ಹಚ್ಚಿ ಬಂದಿದ್ದಳು.

ಬೆಳಿಗ್ಗೆ ಪದ್ಮಮ್ಮ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಇನ್ನು ತೆಗೆದುಕೊಂಡು ಹೋಗಲು ಅಡ್ಡಿಯಿಲ್ಲ ಎಂದಳು. ಪಾಳಿಗೆ ಹೊರಟಿದ್ದ ಜಯಪ್ಪ ಸಿಪಿಯು ಹೊತ್ತು ಬೀದಿ ದಾಟಿದ. ವೇದಾವತಿ ಬಾಗಿಲಿಗೆ ಕೈ ಅಡ್ಡ ಹಿಡಿದಳು.

"ಶನಿವಾರ ಕಣಪ್ಪ. ಕಬ್ಬಿಣ ಮನೆಯೊಳಗೆ ತರೋ ಹಾಗಿಲ್ಲ."

ಜಯಪ್ಪ ತನ್ನ ಮನೆಯ ಕಡೆ ತಿರುಗಿದ. "ಹೊಸಿಲು ದಾಟಿದ ಮೇಲೆ ಇಲ್ಲಿಗೂ ತರಬೇಡಿ," ಎಂದಳು ಪದ್ಮಮ್ಮ. ಜಗಲಿಯ ಮೇಲಾದರೂ ಇಡಲೇ ಎಂದು ಅವನು ಕೇಳಿದ. ಜಗಲಿ ಮನೆಯ ಒಳಗಿನ ಲೆಕ್ಕವೋ ಹೊರಗಿನದೋ ಎಂದು ಹೆಂಗಸರಿಬ್ಬರೂ ತುಂಬ ಹೊತ್ತು ಮಾತಾಡಿದರು. ತೀರ್ಮಾನವಾಗಲಿಲ್ಲ.

ತನುಜಾ ವಾದ ಮಾಡಲಿಲ್ಲ; ಬಸ್ಸಿಗೆ ಹೊತ್ತಾಗಿತ್ತು. ಮಾನಿಟರನ್ನೂ ಪ್ರಿಂಟರನ್ನೂ ಕಿಟಕಿಗೆ ಒತ್ತಿಟ್ಟು, ವೈರುಗಳನ್ನು ಸರಳುಗಳ ನಡುವೆ ಹೊರಗೆ ತೂರಿಸಿ, ಜಯಪ್ಪನ ಹೆಗಲ ಮೇಲಿದ್ದ ಸಿಪಿಯುವಿಗೆ ಸಿಕ್ಕಿಸಿದಳು. ಸಿಪಿಯು ಗುಂಯ್ ಎಂದಿತು. ಒಳಗೆ ಮೊದಲ ಹಾಳೆ ಹೊರಬಂತು.

"ಅಂಕಲ್, ಸ್ವಲ್ಪ ಅಲ್ಲಾಡದೆ ನಿಂತ್ಕೊಳ್ಳಿ. ಇನ್ನೂ ಎಪ್ಪತ್ತು ಪುಟ ಇದೆ."

ಕಾರ್ಖಾನೆಯಲ್ಲಿ ಶನಿವಾರದ ಪಾಳಿಯ ಸೈರನ್ ಕೂಗಿತು. ಕಬ್ಬಿಣ ಕರಗಿಸಲು ಹೋಗಬೇಕಿದ್ದ ಜಯಪ್ಪ, ಹೆಗಲ ಮೇಲಿನ ಕಬ್ಬಿಣ ಇಳಿಸಲು ಜಾಗವಿಲ್ಲದೆ ಕಿಟಕಿಯ ಹೊರಗೆ ನಿಂತೇ ಇದ್ದ.