ಮಣ್ಣಿನ ದರದ ಹಲಗೆ

ಪ್ರತಿ ಸೋಮವಾರ ಬಂದರಿನ ಕರಿಹಲಗೆಯ ಮೇಲೆ ಎರಡು ದೇಶಗಳ ಮಣ್ಣಿನ ಆಮದು ದರ ಬರೆಯುವುದು ಪದ್ಮಾವತಿ ಖಾರ್ವಿಯ ಕೆಲಸ. ಎಡಕ್ಕೆ ಅವಳ ಹೊಸಕುದ್ರು, ಬಲಕ್ಕೆ ನೆರೆಯ ಬೆಳ್ಕುದ್ರು. ಕಡಲು ಗದ್ದೆಗಳನ್ನೆಲ್ಲ ನುಂಗಿದ ಮೇಲೆ ಎರಡಕ್ಕೂ ಮಣ್ಣು ಹಡಗಿನಲ್ಲೇ ಬರುತ್ತಿತ್ತು.

ಇವತ್ತು ಬಲಕ್ಕೆ ಬುಟ್ಟಿಗೆ ತೊಂಬತ್ತು ಎಂದು ಬರೆದಳು. ಹೋದ ವರ್ಷ ಅರವತ್ತಿತ್ತು. ಎಡಕ್ಕೆ ಏನೂ ಬರೆಯಲಿಲ್ಲ.

ಬೆಳ್ಕುದ್ರುವಿನ ವ್ಯಾಪಾರಿ ರಘುರಾಮ ಮೊಗವೀರ ನಕ್ಕ. “ಎಂತ ಅಕ್ಕ, ನಿಮ್ಮ ದರ ಮರ್ತುಹೋಯ್ತಾ?”

“ಮರ್ತದ್ದಲ್ಲ ಮಾರಾಯ್ರೆ. ಈ ಸಲ ನಾವು ತರಿಸ್ಲೇ ಇಲ್ಲ.”

ಹೊಸಕುದ್ರುವಿನಲ್ಲಿ ಮೀನಿನ ತಲೆ, ಮುಳ್ಳು, ಕಡಲಪಾಚಿ ಯಾರೂ ಎಸೆಯುವುದಿಲ್ಲ. ಮದುವೆಗೆ ಉಡುಗೊರೆಯೆಂದರೆ ಮನೆಯ ಗುಂಡಿಯಲ್ಲಿ ಕೊಳೆಸಿ ಮಾಡಿದ ಒಂದು ಬುಟ್ಟಿ ಮಣ್ಣು. ಇಪ್ಪತ್ತು ವರ್ಷ ಬೆಳ್ಕುದ್ರುವಿನವರು ಮೂಗು ಮುಚ್ಚಿಕೊಂಡು ಇದನ್ನು ಆಡಿಕೊಂಡು ನಕ್ಕಿದ್ದರು.

ಹಲಗೆಯ ಕೆಳಗೆ ಅಂಥದೇ ಮಣ್ಣು ತುಂಬಿದ ಡಬ್ಬಿಯಲ್ಲಿ ಬೆಂಡೆಗಿಡವಿತ್ತು. ರಘುರಾಮ ಅದರಿಂದ ಒಂದು ಚಿಟಿಕೆ ಮಣ್ಣು ತೆಗೆದು ಮೂಸಿದ. ಅವನ ದನಿ ತಗ್ಗಿತು.

“ಇದನ್ನ ಕೊಡ್ತೀರಾ ಅಕ್ಕ?”

“ಮದುವೆಗಾದ್ರೆ ಸುಮ್ನೆ ಕೊಡ್ತೇವೆ. ವ್ಯಾಪಾರಕ್ಕಾದ್ರೆ ಸ್ವಲ್ಪ ನಿಲ್ಲಿ, ಹಲಗೆಯಲ್ಲಿ ಜಾಗ ಮಾಡ್ಬೇಕು.”

ಪದ್ಮಾವತಿ ಎಡಗಡೆಯ ‘ಆಮದು’ ಎಂಬ ತಲೆಬರಹವನ್ನು ಸೆರಗಿನಿಂದಲೇ ಒರೆಸಿದಳು. ಲಂಗರು ಹಾಕಿದ ಹಡಗುಗಳಿಗೂ ಕಾಣುವಷ್ಟು ದಪ್ಪಕ್ಕೆ ‘ರಫ್ತು’ ಎಂದು ಬರೆದಳು.