ಜರಡಿ ಕೋಣೆಗೆ ಬಂದ ಗುಲಾಬಿ

"ಮೂಸಿ ನೋಡು," ಎಂದ ಪಾರಿಸ, ಕಾಗದದಲ್ಲಿ ಸುತ್ತಿ ತಂದಿದ್ದ ಗುಲಾಬಿಯನ್ನು ಶೇವಂತಾಳ ಕೈಗಿಡುತ್ತ. "ಪ್ರೀತಿ ಅಂದ್ರ ಹಿಂಗ ಇರ್ತೈತಿ."

ನಿಪ್ಪಾಣಿಯ ಆ ತಂಬಾಕು ವಖಾರಿ ಅವನ ಕಾಕಾನದು. ಕೊಲ್ಲಾಪುರದಲ್ಲಿ ಬಿ.ಎ. ಮುಗಿಸಿ ಬಂದವನು ಮೂರು ತಿಂಗಳಿಂದ ಇಲ್ಲಿ ಗಾದಿಯ ಮೇಲೆ ಕೂತಿದ್ದ. ಕೂತು ಮಾಡಿದ ಒಂದೇ ಕೆಲಸವೆಂದರೆ ಶೇವಂತಾಳನ್ನು ಪ್ರೀತಿಸಿದ್ದು. ಆಕೆ ಒಳಕೋಣೆಯಲ್ಲಿ ತಾಯಿಯ ಜೊತೆ ತಂಬಾಕು ಜರಡಿ ಹಿಡಿಯುವವಳು. ಮಧ್ಯಾಹ್ನ ರೊಟ್ಟಿ ತಿಂದು, ನೀರು ಕುಡಿಯಲು ಹಿತ್ತಿಲ ನಳದ ಹತ್ತಿರ ಬಂದಾಗಷ್ಟೇ ಸಿಗುತ್ತಿದ್ದಳು.

ಶೇವಂತಾ ಹೂವನ್ನು ಮೂಗಿನ ಹತ್ತಿರ ಒಯ್ದಳು. ಇನ್ನೂ ಹತ್ತಿರ ಒಯ್ದಳು. ತಿರುಗಿ ಕೊಟ್ಟುಬಿಟ್ಟಳು.

"ನನಗೇನೂ ವಾಸನಿ ಬರೂದಿಲ್ರಿ."

"ಖರೇನ? ಇಷ್ಟ ಘಮಘಮ ಅನ್ನಾಕತ್ತೈತಿ!"

"ಹನ್ನೊಂದ ವರ್ಷದಾಕಿ ಇದ್ದಾಗಿಂದ ಜರಡಿ ಹಿಡಿಯಾಕತ್ತೀನ್ರಿ. ಮೂಗ ಯಾವಾಗೋ ಸತ್ತೈತಿ. ಒಲಿ ಮ್ಯಾಲ ಅಡಗಿ ಸೀದ್ರೂ ತಿಳಿಯೂದಿಲ್ಲ."

"ಹೋಗ್ಲಿ ಬಿಡು. ಇನ್ನ ಮ್ಯಾಲ ನಿನ್ನ ಮೂಗ ನಾನ ಆಗ್ತೀನಿ," ಎಂದ ಪಾರಿಸ. ತಾನು ಆಡಿದ ಮಾತು ಅವನಿಗೇ ಬಹಳ ಚಂದ ಕಂಡಿತು.

ಶೇವಂತಾಳಿಗೆ ನಗು ಬಂತು, ತಡೆದುಕೊಂಡಳು. ರಾಯಬಾಗದಿಂದ ಗಂಡಿನವರು ನೋಡಿ ಹೋಗಿದ್ದರು. ಹೂಂ ಅಥವಾ ಊಹೂಂ, ಇವತ್ತು ಸಂಜೆಯೊಳಗೆ ಹೇಳಿ ಕಳಿಸಬೇಕಾಗಿತ್ತು. ಊಹೂಂ ಅಂದುಬಿಡು, ನಾನೇ ಲಗ್ನ ಆಗ್ತೀನಿ ಎಂದು ಈ ಪುಣ್ಯಾತ್ಮ ಎಂಟು ದಿನದಿಂದ ಗಂಟುಬಿದ್ದಿದ್ದ. ಹೇಳಿದ್ದೆಲ್ಲ ಇದೇ ನಳದ ಮರೆಯಲ್ಲಿ.

"ಹಂಗಾರ ಈ ಹೂವ ಒಳಗ ಬಂದು, ನಮ್ಮವ್ವನ ಮುಂದ ಕೊಡ್ರಿ. ಲಗ್ನದ ಮಾತ ಆಕಿಗೆ ಹೇಳ್ರಿ. ನಾ ರಾಯಬಾಗದವರಿಗೆ ಬ್ಯಾಡ ಅಂತೀನಿ."

"ಅದೇನ ದೊಡ್ಡ ಮಾತ? ನಿನ್ನ ಸಲುವಾಗಿ ಬೆಂಕ್ಯಾಗ ಹಾರ್ತೀನಿ!"

"ಬೆಂಕಿ ಬ್ಯಾಡ್ರಿ. ಜರಡಿ ಕೋಣಿಗೆ ಬರ್ರಿ, ಸಾಕು."

ಸಾವಕಾರರ ಮನೆತನದವರು ಯಾರೂ ಆ ಕೋಣೆಗೆ ಕಾಲಿಟ್ಟವರಲ್ಲ. ಪಾರಿಸ ಕಿವಿ ಮುಚ್ಚಿದ ಕೂದಲನ್ನು ತೀಡಿಕೊಂಡು, ಬೆಲ್‌ಬಾಟಮ್ ಜಾಡಿಸಿಕೊಂಡು, ಮೂಗಿಗೆ ಅರಿವೆ ಸುತ್ತಿಕೊಂಡು ಒಳನಡೆದ ಶೇವಂತಾಳ ಹಿಂದೆ ಹೊಸ್ತಿಲು ದಾಟಿದ. ಮೂಗು ಬಾಯಿಗೆ ಅರಿವೆ ಕಟ್ಟಿಕೊಂಡ ಮೂವತ್ತು ಹೆಂಗಸರು ಕೈ ನಿಲ್ಲಿಸಿ ನೋಡಿದರು. ಜರಡಿ ನಿಂತರೂ ಧೂಳು ನಿಲ್ಲಲಿಲ್ಲ.

ಶೇವಂತಾಳ ತಾಯಿ ಸುಂದ್ರವ್ವ ಗಡಬಡಿಸಿ ಎದ್ದಳು. "ಏನ್ರಿ ಸಾವಕಾರ?"

"ಸುಂದ್ರವ್ವಾ, ನಾ ನಿನ್ನ ಮಗಳನ್ನ..." ಎಂದ ಪಾರಿಸ. ಮುಂದಿನ ಮಾತಿನ ಬದಲು ಸೀನು ಬಂತು. ಅದರ ಹಿಂದೆ ಇನ್ನೊಂದು. ಹನ್ನೆರಡೋ ಹದಿಮೂರೋ ಆದವು. ಘಾಟು ಗಂಟಲಿಗಿಳಿಯಿತು, ಕಣ್ಣಲ್ಲಿ ನೀರು ಸುರಿಯಿತು.

"ತಡೀರಿ, ಇದನ್ನ ಕಟ್ಕೋರಿ," ಎಂದು ಶೇವಂತಾ ತನ್ನ ಮೂಗಿನ ಅರಿವೆಯನ್ನೇ ಬಿಚ್ಚಿ ಚಾಚಿದಳು. "ಕಟ್ಕೊಂಡ ಹೇಳ್ರಿ. ನಾ ನಿಂತೀನಿ."

ಅವನು ಆ ಅರಿವೆಯನ್ನು ನೋಡಿದ. ತಂಬಾಕಿನ ಧೂಳಿಗೆ ಕಂದುಬಣ್ಣಕ್ಕೆ ತಿರುಗಿ, ಬೆವರಿನಿಂದ ಒದ್ದೆಯಾಗಿತ್ತು. ಮುಟ್ಟಲಿಲ್ಲ. ಕೈಯಲ್ಲಿದ್ದ ಗುಲಾಬಿಯನ್ನು ತನ್ನ ಮೂಗಿಗೆ ಒತ್ತಿ ಹಿಡಿದುಕೊಂಡು ಹೊರಗೆ ಓಡಿದ.

"ಅಯ್ಯ ಯವ್ವಾ, ನಾವು ಇಪ್ಪತ್ತ ವರ್ಷ ಸೀನಿದ್ದನ್ನ ಒಂದ ಸಲಕ್ಕ ಸೀನಿ ಹೋದ್ನಲ್ಲ!" ಎಂದಳು ಪಕ್ಕದ ರುಕ್ಮವ್ವ. ಕೋಣೆಯೆಲ್ಲ ನಕ್ಕಿತು.

ಶೇವಂತಾ ಅರಿವೆಯನ್ನು ಬಿಗಿಯಾಗಿ ಕಟ್ಟಿಕೊಂಡು ಜರಡಿ ಎತ್ತಿದಳು. "ಯವ್ವಾ, ರಾಯಬಾಗದವರಿಗೆ ಹೂಂ ಅಂತ ಹೇಳಿ ಕಳಸು."

"ಅದಿರ್ಲಿ. ಸಾವಕಾರ ಯಾಕ ಬಂದಿದ್ರಬೇ?"

"ನನಗಂತ ಒಂದ ಹೂವ ತಂದಿದ್ರು," ಎಂದಳು ಶೇವಂತಾ. "ಅವರಿಗೇ ಬೇಕಾತು."